ಖಡಕ್ ರೊಟ್ಟಿಯಿಂದ ಹಬೆ ಬರುತ್ತಾ?

ಪತ್ರ: ಧಾರವಾಡದಲ್ಲಿ ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇನೆ. ಬಾಗಿಲಲ್ಲಿ ನಾನೇ ಬರೆದ ಬೋರ್ಡ್ ಇದೆ. ಫೋಟೋನೂ ನಾನೇ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತೇನೆ. ಇದೆಲ್ಲ ಕಳಪೆಯಾಗಿ ಕಾಣುತ್ತೆ, ದುಡ್ಡು ಕೊಟ್ಟು ಡಿಸೈನ್ ಮಾಡಿಸು ಅಂತಾನೆ ಮಗ. ಅವನು ಮಾಡಿಸಿದ ಫ್ಲೆಕ್ಸ್ ಮಾದರಿಯನ್ನೂ ಕಳಿಸಿದ್ದೇನೆ. ಏನು ಮಾಡಲಿ?
– ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ: ನಮಸ್ಕಾರ. ನೀವು ಕಳಿಸಿದ ಚಿತ್ರಗಳನ್ನೆಲ್ಲ ನೋಡಿದೆ. ಮಗ ಮಾಡಿಸಿದ್ದು ಮೊದಲ ನೋಟಕ್ಕೆ ಚೆನ್ನಾಗೇ ಇದೆ. ಆದರೆ ಅದರಲ್ಲಿರುವ ರೊಟ್ಟಿ ನಿಮ್ಮದಲ್ಲ. ಯಾವುದೋ ಗೋಧಿ ರೊಟ್ಟಿ, ಮೇಲೆ ಬೆಣ್ಣೆ ಸವರಿದೆ, ಬಿಸಿಬಿಸಿ ಹಬೆ ಏಳುತ್ತಿದೆ. ಖಡಕ್ ರೊಟ್ಟಿಯಿಂದ ಹಬೆ ಎಲ್ಲಿ ಬರುತ್ತೆ? ಬೇಯಿಸಿ, ಒಣಗಿಸಿ, ಒಂದರ ಮೇಲೊಂದು ಪೇರಿಸಿ ಇಡುವ ರೊಟ್ಟಿ ಅಲ್ವಾ ಅದು? ಜೋಳದ ರೊಟ್ಟಿ ತಿಂದು ಬೆಳೆದವರು ನೋಡಿದ ಕೂಡಲೇ ಹೇಳಿಬಿಡುತ್ತಾರೆ. ಆಮೇಲೆ ಕೆಳಗೆ ಬರೆದ ‘ಮನೆಯಲ್ಲೇ ಮಾಡಿದ್ದು’ ಅನ್ನುವ ಮಾತನ್ನೂ ನಂಬುವುದಿಲ್ಲ.

ನಿಮ್ಮ ಫೋಟೋದಲ್ಲಿ ಬೆಳಕು ಕಡಿಮೆ, ನಿಜ. ಆದರೆ ರೊಟ್ಟಿಗೆ ಅಂಟಿದ ಎಳ್ಳು ಕಾಣುತ್ತೆ, ಅಂಚಿನಲ್ಲಿ ತಟ್ಟಿದ ಬೆರಳಿನ ಗುರುತೂ ಕಾಣುತ್ತೆ. ಕೊಳ್ಳುವವರಿಗೆ ಬೇಕಾದ್ದು ಅದೇ. ಬೆಳಗಿನ ಹೊತ್ತು ಕಿಟಕಿ ಹತ್ತಿರ ಇಟ್ಟು, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಇವತ್ತು ಏನಿದೆ, ಎಷ್ಟಕ್ಕೆ, ಯಾವಾಗ ಸಿಗುತ್ತೆ ಅಂತ ಬರೆಯಿರಿ. ಸ್ಟೇಟಸ್ ನೋಡುವವರು ನಿಮ್ಮ ನಂಬರ್ ಇಟ್ಟುಕೊಂಡವರು. ಅವರಿಗೆ ಅಷ್ಟು ಸಾಕು.

ಪ್ಯಾಕೆಟ್ ವಿಷಯದಲ್ಲಿ ಮಾತ್ರ ನಾನು ಮಗನ ಕಡೆ. ಅದು ನಿಮ್ಮ ಮುಖವನ್ನೇ ನೋಡದವರ ಮನೆಗೆ ಹೋಗುತ್ತೆ. ಪುಣೆಯ ಬಂಧುಗಳಿಗೆ, ಬೆಂಗಳೂರಿನ ಪಿಜಿಯಲ್ಲಿರುವ ಹುಡುಗರಿಗೆ. ನೀವು ಪೆನ್ನಿನಲ್ಲಿ ಬರೆದು ಅಂಟಿಸಿದ ಚೀಟಿ ಚಟ್ನಿಯ ಎಣ್ಣೆ ತಾಗಿ ಮಸುಕಾಗಿದೆ, ತಾರೀಖೇ ಕಾಣುತ್ತಿಲ್ಲ. ದುಡ್ಡು ಹಾಕುವುದಿದ್ದರೆ ಇಲ್ಲಿ ಹಾಕಿ. ಏನೇನು ಹಾಕಿದ್ದೀರಿ, ತೂಕ, ತಯಾರಿಸಿದ ದಿನ, ಎಷ್ಟು ದಿನ ಇಡಬಹುದು, ಎಂಆರ್‌ಪಿ, ವಿಳಾಸ, ಫೋನ್ ನಂಬರ್, ಸಸ್ಯಾಹಾರದ ಹಸಿರು ಗುರುತು, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ 14 ಅಂಕಿಯ ನಂಬರ್, ಎಲ್ಲವೂ ಅಚ್ಚಾಗಿರಲಿ. ಕಾನೂನೂ ಇವನ್ನು ಕೇಳುತ್ತೆ. ಶೇಂಗಾ ಇದೆ ಅನ್ನುವುದನ್ನು ಎದ್ದು ಕಾಣುವಂತೆ ಹಾಕಿಸಿ. ಕೆಲವರಿಗೆ ಅದರ ಅಲರ್ಜಿ ಜೀವಕ್ಕೇ ಕುತ್ತು.

ಅಚ್ಚಿಗೆ ಕೊಡುವಾಗ ಒಂದು ಎಚ್ಚರ. ಫ್ಲೆಕ್ಸ್ ಮಾದರಿಯಲ್ಲಿ ‘ರೊಟ್ಟಿ’ ಹೋಗಿ ‘ರೊಟ್‌ಟಿ’ ಆಗಿದೆ, ನೋಡಿದಿರಾ? ಅಂಗಡಿಯವರ ಹಳೇ ಸಾಫ್ಟ್‌ವೇರ್‌ಗೆ ಯೂನಿಕೋಡ್ ಕನ್ನಡ, ಅಂದರೆ ಫೋನಿನಲ್ಲಿ ಟೈಪ್ ಮಾಡುವ ಕನ್ನಡ, ಸರಿಯಾಗಿ ಹೊಂದುವುದಿಲ್ಲ. ನೀವು ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಅಲ್ಲಿ ಪೇಸ್ಟ್ ಮಾಡಿದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದು ಕೂರುತ್ತೆ. ಅವರು ‘ನುಡಿ’, ‘ಬರಹ’ದಂಥ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಹೊಸದಾಗಿ ಟೈಪ್ ಮಾಡಿದರೆ ಸರಿಹೋಗುತ್ತೆ. ಪ್ರೂಫ್, ಅಂದರೆ ಅಚ್ಚಿಗೆ ಮುಂಚಿನ ಮಾದರಿ, ತರಿಸಿಕೊಂಡು ಒಂದೊಂದೇ ಅಕ್ಷರ ಓದಿ. ಕನ್ನಡ ಹೀಗೆ ಒಡೆದು ಬೀದಿಯಲ್ಲಿ ನೇತಾಡುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತೆ.

ಫ್ಲೆಕ್ಸ್ ಅಂತೂ ಬೇಡವೇ ಬೇಡ. ರಾಜ್ಯದಲ್ಲಿ 2016ರಲ್ಲೇ ಅದಕ್ಕೆ ನಿಷೇಧ ಬಂದಿದೆ. ಬೋರ್ಡಿನಲ್ಲಿ ನಿಮ್ಮ ಅಕ್ಷರ ದುಂಡಗಿದೆ, ಆದರೆ ರಸ್ತೆಯಾಚೆಗೆ ಓದಲು ಆಗದಷ್ಟು ಸಣ್ಣದು. ಊರಲ್ಲಿ ಕೈಯಲ್ಲೇ ಬೋರ್ಡ್ ಬರೆಯುವ ಪೇಂಟರ್ ಇದ್ದರೆ ಅವರಿಂದ ತಗಡಿನ ಮೇಲೆ ಬರೆಸಿ. ‘ಖಡಕ್ ರೊಟ್ಟಿ, ಶೇಂಗಾ ಚಟ್ನಿ’, ಕೆಳಗೆ ಫೋನ್ ನಂಬರ್. ಬೇರೇನೂ ಬೇಡ.

ಲೇಬಲ್ ಪ್ರೂಫ್ ಬಂದಾಗ ನಮಗೂ ಒಂದು ಪ್ರತಿ ಕಳಿಸಿ. ನಮ್ಮ ಪ್ರೂಫ್ ನೋಡುವವರಿಂದ ಓದಿಸಿ ತಿದ್ದಿ ಕೊಡುತ್ತೇವೆ.