ಕ್ಲೌಡ್‌ನಲ್ಲಿ ಎನ್‌ಕ್ರಿಪ್ಶನ್ ಕೆಲಸವನ್ನು ನೆಟ್‌ವರ್ಕ್ ಕಾರ್ಡ್‌ಗೆ ಬಿಟ್ಟರೆ ಸುರಕ್ಷಿತವೇ?

ಬಿಡಬಹುದು. ಆದರೆ ಆಗ ಕಾರ್ಡನ್ನೂ ಸಿಪಿಯುನಷ್ಟೇ ನಂಬಬೇಕಾಗುತ್ತದೆ.

ಲಿನಕ್ಸ್‌ನ ಟಿಎಲ್‌ಎಸ್ ಆಫ್‌ಲೋಡ್ ನೋಡಿ: ವೆಬ್ ಸಂಪರ್ಕಗಳನ್ನು ಕಾಪಾಡುವ ಟಿಎಲ್‌ಎಸ್ ಎನ್‌ಕ್ರಿಪ್ಶನ್ ಕೆಲಸವನ್ನು ಕಾರ್ಡ್‌ಗೆ ವಹಿಸುವ ಸೌಲಭ್ಯ. 2018ರ 4.18 ಕರ್ನಲ್‌ನಿಂದ ಇದೆ. ಹ್ಯಾಂಡ್‌ಶೇಕ್ (ಶುರುವಿನಲ್ಲಿ ಎರಡೂ ಕಡೆಯವರು ಕೀ ಗೊತ್ತುಮಾಡಿಕೊಳ್ಳುವ ಹಂತ) ಸಿಪಿಯುನಲ್ಲೇ ನಡೆಯುತ್ತದೆ, ಸರ್ವರ್‌ನ ಪ್ರೈವೇಟ್ ಕೀ ಕಾರ್ಡ್‌ಗೆ ಹೋಗುವುದೇ ಇಲ್ಲ. ಆ ಕನೆಕ್ಷನ್‌ನ ಸೆಷನ್ ಕೀ ಮಾತ್ರ ಹೋಗುತ್ತದೆ. ಪ್ಯಾಕೆಟ್ ಹೊರಡುವಾಗ ಕಾರ್ಡೇ ಅದನ್ನು ಎಇಎಸ್-ಜಿಸಿಎಂ ಎಂಬ ಎನ್‌ಕ್ರಿಪ್ಶನ್ ವಿಧಾನ ಬಳಸಿ ಎನ್‌ಕ್ರಿಪ್ಟ್ ಮಾಡುತ್ತದೆ.

ಜಾಸ್ತಿ ಜನ ಮರೆಯುವ ವಿಷಯ ಇದು: ಮೆಮೊರಿಯಿಂದ ಕಾರ್ಡ್‌ವರೆಗಿನ ಪಿಸಿಐಇ ದಾರಿಯಲ್ಲಿ ಡೇಟಾ ಸಾಮಾನ್ಯವಾಗಿ ಎನ್‌ಕ್ರಿಪ್ಟ್ ಆಗದೆ ಬಿಚ್ಚಿಟ್ಟ ಹಾಗೇ ಇರುತ್ತದೆ. ಕಾರ್ಡಿನ ಫರ್ಮ್‌ವೇರ್‌ಗೆ (ಅದರೊಳಗಿನ ಸಾಫ್ಟ್‌ವೇರ್‌ಗೆ) ಯಾರಾದರೂ ಕೈ ಹಾಕಿದರೆ ಕೀ, ಡೇಟಾ ಎರಡೂ ಹೋದಂತೆ. ಸಹಿ ಮಾಡಿದ ಫರ್ಮ್‌ವೇರ್, ಸೆಕ್ಯೂರ್ ಬೂಟ್ (ಸಹಿ ಪರೀಕ್ಷಿಸಿಯೇ ಶುರುವಾಗುವುದು), ಒಬ್ಬ ಗ್ರಾಹಕನ ಕೀ ಇನ್ನೊಬ್ಬನಿಗೆ ಸಿಗದ ವ್ಯವಸ್ಥೆ ಬೇಕೇ ಬೇಕು.

ಕ್ಲೌಡ್ ಕಂಪನಿಯ ಮೇಲೇ ನಂಬಿಕೆ ಇಲ್ವಾ? ಹಾಗಿದ್ದರೆ ಕಾನ್ಫಿಡೆನ್ಶಿಯಲ್ ವಿಎಂ (ಕ್ಲೌಡ್ ಕಂಪನಿಗೂ ಮೆಮೊರಿ ಓದಲು ಬಿಡದ ವರ್ಚುವಲ್ ಯಂತ್ರ) ಒಳಗೇ ಎನ್‌ಕ್ರಿಪ್ಟ್ ಮಾಡಿ ಕಳಿಸಿ.