ಡೀಸೆಲ್ ಫುಲ್ ಮಾಡಿಸಿದ ಮೇಲೆ ಪಿಕಪ್ ಗಾಡಿಯ ಪುಲ್ಲಿಂಗ್ ಬೀಳುವುದೇಕೆ?

ನಿಮ್ಮದು ಬಿಎಸ್ 4 ಕಾಮನ್ ರೈಲ್ ಡೀಸೆಲ್ ಪಿಕಪ್. ಟ್ಯಾಂಕ್ ಫುಲ್ ಮಾಡಿಸಿ ಸುಮಾರು 12 ಕಿಲೋಮೀಟರ್ ಹೋದ ಮೇಲೆ ಪುಲ್ಲಿಂಗ್ ಬಿತ್ತು, ಆಕ್ಸಿಲರೇಟರ್ ಪೂರ್ತಿ ತುಳಿದರೂ 40 ದಾಟುತ್ತಿಲ್ಲ, ಚೆಕ್ ಲೈಟ್ ಬಂದಿದೆ. ಆಫ್ ಮಾಡಿ ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಚೆನ್ನಾಗಿ ಹೋಗಿ ಮತ್ತೆ ಹಾಗೇ ಆಗುತ್ತದೆ. "ಬಂಕಿನವರು ಕಲಬೆರಕೆ ಹಾಕಿದರಾ?" ಎಂದು ಕೇಳಿದ್ದೀರಿ. ಆಗಿರಲೂಬಹುದು. ಆದರೆ ನೀವು ಬರೆದ ಲಕ್ಷಣ ನೋಡಿದರೆ ನನ್ನ ಮೊದಲ ಅನುಮಾನ ಹೊಸ ಡೀಸೆಲ್ ಮೇಲಲ್ಲ, ಅದು ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ದಾರಿಯ ಮೇಲೆ.

ಇದಕ್ಕೆ ಎರಡು ಕಾರಣ ಇವೆ. ಪೆಟ್ರೋಲ್ ಬೆರೆತಿದ್ದರೆ ಅಥವಾ ತುಂಬಾ ನೀರು ಬಂದಿದ್ದರೆ, ಪೈಪು ಮತ್ತು ಫಿಲ್ಟರಿನಲ್ಲಿ ಉಳಿದ ಹಳೇ ಡೀಸೆಲ್ ಖಾಲಿಯಾದ ಕೂಡಲೇ, ಅಂದರೆ ಸಾಮಾನ್ಯವಾಗಿ ಮೊದಲ ಕೆಲವೇ ಕಿಲೋಮೀಟರಿನಲ್ಲಿ, ಇಂಜಿನ್ ಟಕಟಕ ಬಡಿಯುವುದು, ಮಿಸ್ಸಿಂಗ್, ಬಿಳಿ ಹೊಗೆ ಶುರುವಾಗುತ್ತದೆ. ಐಡಲಿಂಗಿನಲ್ಲೂ ಅದು ಕಾಣುತ್ತದೆ, ಐದು ನಿಮಿಷ ನಿಲ್ಲಿಸಿದರೆ ವಾಸಿಯಾಗುವುದಿಲ್ಲ. ನಿಮ್ಮ ಗಾಡಿ ಐಡಲಿಂಗಿನಲ್ಲಿ ನಯವಾಗಿದೆ, ಲೋಡ್ ಬಿದ್ದಾಗ ಮಾತ್ರ ಸೋಲುತ್ತಿದೆ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುತ್ತಿದೆ. ಇದು ಉಸಿರು ಕಟ್ಟಿದ ಲಕ್ಷಣ. ಇಂಜಿನ್ನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಗೆ ರೈಲ್ ಎನ್ನುತ್ತಾರೆ; ಐಡಲಿಂಗಿಗೆ ಅದರಲ್ಲಿ 250–300 ಬಾರ್ ಒತ್ತಡ ಇದ್ದರೆ ಸಾಕು. ಏರು ಹತ್ತುವಾಗ ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅದರ ನಾಲ್ಕೈದು ಪಟ್ಟು ಕೇಳುತ್ತದೆ. ಕೇಳಿದಷ್ಟು ಬರದಿದ್ದರೆ ಕೆಲವೇ ಸೆಕೆಂಡು ಕಾದು, ಇಂಜಿನ್ ಉಳಿಸಿಕೊಳ್ಳಲು ಅದೇ ಪವರ್ ಕಡಿತ ಮಾಡುತ್ತದೆ. ಕೀ ಆಫ್ ಮಾಡಿದಾಗ ಆ ಕಡಿತ ತೆರವಾಗುವುದರಿಂದ ಮತ್ತೆ ಸ್ವಲ್ಪ ದೂರ ಓಡುತ್ತದೆ. ಸ್ಕ್ಯಾನರ್ ಹಾಕಿಸಿದರೆ ಪಿ0087, ಅಂದರೆ ರೈಲ್ ಒತ್ತಡ ಕಡಿಮೆ ಎಂಬ ಕೋಡ್ ಸಿಗುವ ಸಾಧ್ಯತೆ ಹೆಚ್ಚು. ಕೋಡ್ ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ.

ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು ಮಾಡಿ. ಪುಲ್ಲಿಂಗ್ ಬಿದ್ದ ಕೂಡಲೇ ಗಾಡಿ ಪಕ್ಕಕ್ಕೆ ಹಾಕಿ, ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಕಿವಿ ಹತ್ತಿರ ಕೊಟ್ಟು ನಿಧಾನವಾಗಿ ತಿರುಗಿಸಿ. "ಸುಯ್" ಎಂದು ಗಾಳಿ ಒಳಕ್ಕೆ ಎಳೆದುಕೊಂಡ ಸದ್ದು ಬಂದು, ತಕ್ಷಣ ಗಾಡಿ ಎಂದಿನಂತೆ ಎಳೆದರೆ ಟ್ಯಾಂಕಿನ ಬ್ರೀದರ್ ಕಟ್ಟಿಕೊಂಡಿದೆ ಎಂದರ್ಥ. ಡೀಸೆಲ್ ಖರ್ಚಾದಷ್ಟು ಗಾಳಿ ಟ್ಯಾಂಕಿನೊಳಗೆ ಬರಬೇಕು. ಕೆಸರು, ಧೂಳು ಕೂತು ಆ ದಾರಿ ಮುಚ್ಚಿದರೆ ಅಥವಾ ಮುಚ್ಚಳ ಕಳೆದುಹೋಗಿ ಗಾಳಿ ತೂತಿಲ್ಲದ ಬೇರೆ ಮುಚ್ಚಳ ಹಾಕಿಸಿದ್ದರೆ ಒಳಗೆ ನಿರ್ವಾತ ಕಟ್ಟುತ್ತದೆ.

ಅದು ಫುಲ್ ಟ್ಯಾಂಕಿನಲ್ಲೇ ಏಕೆ ಕಾಡುತ್ತದೆ ಎಂಬುದಕ್ಕೆ ಲೆಕ್ಕ ಸುಲಭ. ಟ್ಯಾಂಕಿನಲ್ಲಿ 40 ಲೀಟರಿನಷ್ಟು ಖಾಲಿ ಜಾಗ ಇದ್ದಾಗ ಅರ್ಧ ಲೀಟರ್ ಡೀಸೆಲ್ ಎಳೆದರೆ ಒಳಗಿನ ಒತ್ತಡ ಶೇ 1ರ ಆಸುಪಾಸು ಮಾತ್ರ ಇಳಿಯುತ್ತದೆ. ಕತ್ತಿನವರೆಗೆ ತುಂಬಿಸಿ 2 ಲೀಟರ್ ಜಾಗ ಮಾತ್ರ ಉಳಿದಿದ್ದರೆ, ಅದೇ ಅರ್ಧ ಲೀಟರಿಗೆ ಶೇ 20ರಷ್ಟು ಇಳಿಯುತ್ತದೆ. ಇಂಥ ಹಲವು ಗಾಡಿಗಳಲ್ಲಿ ಟ್ಯಾಂಕಿನೊಳಗೆ ಪಂಪ್ ಇರುವುದಿಲ್ಲ, ಇಂಜಿನ್ ಪಕ್ಕದ ಪಂಪೇ ಡೀಸೆಲನ್ನು ಹೀರಿಕೊಳ್ಳಬೇಕು. ಹಿಂದಿನಿಂದ ಯಾರೋ ಹಿಡಿದೆಳೆದ ಹಾಗೆ ಆಗುತ್ತದೆ ಅದಕ್ಕೆ. ಬ್ರೀದರ್ ಪೈಪನ್ನು ಟ್ಯಾಂಕಿನಿಂದ ಬಿಚ್ಚಿ ಗಾಳಿ ಊದಿಸಿ, ಮುಚ್ಚಳ ಹಳೆಯದಾಗಿದ್ದರೆ ಆ ಗಾಡಿಗೆ ಬರುವುದನ್ನೇ ಹಾಕಿಸಿ. ನೋಝಲ್ ತಾನಾಗಿ ಕಟ್ ಆದ ಮೇಲೆ ಮತ್ತೆ ಒತ್ತಿ ತುಂಬಿಸುವ ಅಭ್ಯಾಸ ಬಿಡಿ, ಹೆಚ್ಚಾದ ಡೀಸೆಲ್ ಬ್ರೀದರ್ ಪೈಪಿಗೇ ಹೋಗಿ ಧೂಳನ್ನು ಕೆಸರು ಮಾಡುತ್ತದೆ.

ಸದ್ದು ಬರಲಿಲ್ಲವಾದರೆ ಫಿಲ್ಟರಿಗೆ ಬನ್ನಿ. ಫಿಲ್ಟರ್ ಕೆಳಗೆ ನೀರು ಬಿಡುವ ಡ್ರೈನ್ ಸ್ಕ್ರೂ ಇರುತ್ತದೆ. ಇಂಜಿನ್ ಆಫ್ ಇಟ್ಟು, ತೊಳೆದು ಪೂರ್ತಿ ಒಣಗಿಸಿದ ಬಿಳಿ ಗಾಜಿನ ಬಾಟಲಿಗೆ 200–300 ಮಿಲೀ ಬಿಡಿ. ಡೀಸೆಲ್ ಇಳಿಯದಿದ್ದರೆ ಮೇಲಿನ ಪ್ರೈಮರ್ (ಕೈಯಲ್ಲಿ ಒತ್ತುವ ಸಣ್ಣ ಪಂಪ್) ಒತ್ತಿ. ಅರ್ಧ ಗಂಟೆ ಅಲುಗಾಡಿಸದೆ ಇಟ್ಟು, ಬೆಳಕಿಗೆ ಹಿಡಿದು ತಳ ನೋಡಿ. ನೀರಿದ್ದರೆ ಡೀಸೆಲ್ ಕೆಳಗೆ ಬೇರೆಯೇ ಪದರವಾಗಿ ಅಥವಾ ಮಣಿಗಳ ಹಾಗೆ ಉರುಳಾಡುತ್ತದೆ. ಮೇಲಿನ ಡೀಸೆಲ್ ಮಜ್ಜಿಗೆ ನೀರಿನಂತೆ ಮಬ್ಬಾಗಿದ್ದರೆ ಅದರಲ್ಲೂ ನೀರು ಕದಡಿಕೊಂಡಿದೆ. ಕಂದು ಪುಡಿ ತುಕ್ಕಿನದು. ಕಪ್ಪು ಲೋಳೆಯಂಥ ಗಸಿ ಕಂಡರೆ ಟ್ಯಾಂಕಿನಲ್ಲಿ ಬಹಳ ದಿನದಿಂದ ನೀರು ನಿಂತಿದೆ, ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಆ ಗಸಿ ಕಟ್ಟುತ್ತವೆ. ನೋಝಲಿನಿಂದ ಜೋರಾಗಿ ಬೀಳುವ ಡೀಸೆಲ್ ತಳದ ಗಸಿಯನ್ನೆಲ್ಲ ಕದಡಿ ಎಬ್ಬಿಸುತ್ತದೆ, ಅದು ಹೀರುವ ಪೈಪಿನ ಜಾಲರಿಗೋ ಫಿಲ್ಟರಿಗೋ ಹೋಗಿ ಅಂಟುತ್ತದೆ. ಗಾಡಿ ನಿಲ್ಲಿಸಿದಾಗ ಜಾಲರಿಗೆ ಅಂಟಿದ್ದು ಕಳಚಿ ಬೀಳುವುದೂ ಐದು ನಿಮಿಷದ ಚೇತರಿಕೆಗೆ ಒಂದು ಕಾರಣ. ಯಾವಾಗಲೂ ರಿಸರ್ವ್‌ವರೆಗೆ ಓಡಿಸಿ ಆಮೇಲೆ ಫುಲ್ ಮಾಡಿಸುವ ಗಾಡಿಗಳಲ್ಲಿ ಇದನ್ನು ಹೆಚ್ಚಾಗಿ ಕಾಣಬಹುದು. ಆಗ ತಪ್ಪು ಇವತ್ತಿನ ಬಂಕಿನದ್ದಲ್ಲ.

ಫಿಲ್ಟರ್ ಹೊಸದು ಹಾಕುವಾಗ ಅದರೊಳಗೆ ಕ್ಯಾನಿನಿಂದ ಡೀಸೆಲ್ ಸುರಿದು ತುಂಬಿಸಬೇಡಿ, ಸೋಸದ ಡೀಸೆಲ್ ನೇರ ಪಂಪಿಗೆ ಹೋಗುತ್ತದೆ. ಒಣ ಫಿಲ್ಟರ್ ಕೂರಿಸಿ, ಪ್ರೈಮರ್ ಗಟ್ಟಿಯಾಗುವವರೆಗೆ ಒತ್ತಿ ಏರ್ ತೆಗೆಯಿರಿ, ಆಮೇಲೆ ಸೆಲ್ಫ್ ಹೊಡೆಯಿರಿ. ಒಂದು ವಿಷಯ ಕೈಮುಗಿದು ಹೇಳುತ್ತೇನೆ: ಹಳೇ ಇಂಜಿನ್ನುಗಳಲ್ಲಿ ಮಾಡುತ್ತಿದ್ದ ಹಾಗೆ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಏರ್ ಬಿಡಲು ಯಾರಿಗೂ ಬಿಡಬೇಡಿ. ಕಾಮನ್ ರೈಲಿನ ಒತ್ತಡ 1,600 ಬಾರ್ ಮುಟ್ಟುತ್ತದೆ. ಸಡಿಲಿಸಿದ ನಟ್ಟಿನಿಂದ ಚಿಮ್ಮುವ, ಕಣ್ಣಿಗೆ ಕಾಣದ ಎಳೆ ಚರ್ಮ ತೂರಿ ಡೀಸೆಲನ್ನು ಮಾಂಸದೊಳಕ್ಕೆ ನುಗ್ಗಿಸುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದದ್ದು ಅದು.

ಪೆಟ್ರೋಲ್ ಅನುಮಾನ ಇದ್ದರೆ, ಬಿಲ್ಲಿನಲ್ಲಿ ಏನು ಬರೆದಿದೆ ನೋಡಿ. ಪೆಟ್ರೋಲ್ ನೋಝಲ್ ಸಣ್ಣದು, ಡೀಸೆಲ್ ಟ್ಯಾಂಕಿನ ಬಾಯಿಗೆ ಆರಾಮಾಗಿ ಹೋಗುತ್ತದೆ, ಹಾಗಾಗಿ ಈ ತಪ್ಪು ನಡೆಯುತ್ತದೆ. ಬಾಟಲಿಯ ಒಂದು ಹನಿಯನ್ನು ಬಿಳಿ ಕಾಗದಕ್ಕೆ ಹಾಕಿ: ಬರೀ ಪೆಟ್ರೋಲ್ ಆದರೆ ಬೇಗ ಆರಿ ಗುರುತೇ ಉಳಿಯುವುದಿಲ್ಲ, ಡೀಸೆಲ್ ಎಣ್ಣೆ ಕಲೆ ಬಿಡುತ್ತದೆ. ಬೆರೆತದ್ದೂ ಕಲೆ ಬಿಡುವುದರಿಂದ ವಾಸನೆಯನ್ನೂ ನೋಡಬೇಕು. ಬೆರೆತಿರುವುದು ಖಚಿತವಾದರೆ ಕೀ ಕೂಡ ಹಾಕದೆ ಟೋ ಮಾಡಿಸಿ, ಟ್ಯಾಂಕ್ ಪೂರ್ತಿ ಇಳಿಸಿ. ಹೈ ಪ್ರೆಷರ್ ಪಂಪಿಗೆ ಡೀಸೆಲ್ಲೇ ಗ್ರೀಸು. ಪೆಟ್ರೋಲಿನಲ್ಲಿ ಓಡಿದ ಪಂಪ್ ತನ್ನನ್ನೇ ಉಜ್ಜಿಕೊಂಡು ಲೋಹದ ಪುಡಿಯನ್ನು ನಾಲ್ಕೂ ಇಂಜೆಕ್ಟರಿಗೆ ಕಳಿಸುತ್ತದೆ.

ಬಾಟಲಿಯಲ್ಲಿ ಸ್ಪಷ್ಟವಾಗಿ ನೀರು ಬಂದು, ನಿಮ್ಮ ಟ್ಯಾಂಕ್ ಮೊದಲು ಚೊಕ್ಕಟವಾಗಿತ್ತು ಎಂಬ ನಂಬಿಕೆ ಇದ್ದರೆ ಅದೇ ದಿನ ಬಿಲ್ ಹಿಡಿದು ಬಂಕಿಗೆ ಹೋಗಿ. ಎಲ್ಲರೂ ಡೆನ್ಸಿಟಿ ಪರೀಕ್ಷೆ ಕೇಳುತ್ತಾರೆ. 15 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿದ ಡೆನ್ಸಿಟಿ ಬಂಕಿನ ದಾಖಲೆಗಿಂತ ಘನ ಮೀಟರಿಗೆ 3 ಕೆಜಿಗಿಂತ ಹೆಚ್ಚು ಆಚೀಚೆ ಹೋಗಬಾರದು, ನಿಜ. ಅದು ಬೇರೆ ಎಣ್ಣೆ ಬೆರೆಸಿದ್ದನ್ನು ಹಿಡಿಯುತ್ತದೆ. ನೆಲದಡಿಯ ಟ್ಯಾಂಕಿನ ತಳದಲ್ಲಿ ನಿಂತ ನೀರನ್ನು ಹಿಡಿಯಬೇಕಾದರೆ ಡಿಪ್ ರಾಡಿಗೆ ವಾಟರ್ ಫೈಂಡಿಂಗ್ ಪೇಸ್ಟ್ ಹಚ್ಚಿ ಇಳಿಸಲು ಹೇಳಿ, ನೀರು ತಾಗಿದಷ್ಟು ಎತ್ತರಕ್ಕೆ ಬಣ್ಣ ಬದಲಾಗುತ್ತದೆ. ಒಪ್ಪದಿದ್ದರೆ ದೂರು ಪುಸ್ತಕದಲ್ಲಿ ಬರೆದು, ಫೋಟೊ ತೆಗೆದುಕೊಂಡು, ಆಯಿಲ್ ಕಂಪನಿಗೆ ಕಳಿಸಿ. ಮಳೆಗಾಲದಲ್ಲಿ, ಅದರಲ್ಲೂ ಟ್ಯಾಂಕರ್ ಡೀಸೆಲ್ ಇಳಿಸುತ್ತಿರುವಾಗ, ಹಾಕಿಸದೆ ಮುಂದಿನ ಬಂಕಿಗೆ ಹೋಗುವುದು ಒಳ್ಳೆಯದು.

ಇದೇ ತೊಂದರೆ ಇರುವ ಬಿಎಸ್ 6 ಗಾಡಿಯವರು, ಗಾಡಿಗೆ ಯೂರಿಯಾ ಟ್ಯಾಂಕ್ ಇದ್ದರೆ, ಡೀಸೆಲ್ ಜೊತೆ ಡಿಇಎಫ್ (ಹೊಗೆ ಶುದ್ಧಿ ಮಾಡಲು ಬಳಸುವ ಯೂರಿಯಾ ದ್ರಾವಣ) ಕೂಡ ಹಾಕಿಸಿದಿರಾ ನೆನಪು ಮಾಡಿಕೊಳ್ಳಿ. ಅದರಲ್ಲಿ ಶೇ 32.5 ಯೂರಿಯಾ ಇರಬೇಕು, ನೀರು ಬೆರೆಸಿದ್ದು ಹಾಕಿದರೆ ಇಸಿಯು ಅದನ್ನು ಗುರುತಿಸಿ ಪವರ್ ಇಳಿಸುತ್ತದೆ.

ಬ್ರೀದರ್, ಜಾಲರಿ, ಫಿಲ್ಟರ್ ಮೂರೂ ಸರಿ ಮಾಡಿದ ಮೇಲೂ ಪಿ0087 ಬಂದರೆ ಇಂಜೆಕ್ಟರ್ ರಿಟರ್ನ್ ಪರೀಕ್ಷೆ ಮಾಡಿಸಿ. ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪನ್ನು (ಉಳಿದ ಡೀಸೆಲ್ ವಾಪಸ್ ಹೋಗುವ ಪೈಪು) ನಾಲ್ಕು ಬಾಟಲಿಗೆ ಬಿಟ್ಟು ಐಡಲಿಂಗಿನಲ್ಲಿ ಓಡಿಸಿದಾಗ ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ, ಒತ್ತಡ ಸೋರುತ್ತಿರುವುದು ಅಲ್ಲಿ. ಅದೊಂದನ್ನೇ ಬಿಚ್ಚಿಸಿ ಟೆಸ್ಟ್ ಬೆಂಚಿಗೆ ಕಳಿಸಿ, ನಾಲ್ಕನ್ನೂ ಬದಲಾಯಿಸಿ ಎಂದರೆ ಮೊದಲು ಆ ಬಾಟಲಿಗಳನ್ನು ತೋರಿಸಲು ಹೇಳಿ.