ಮಗ್ದಲದ ಮರಿಯಳಿಗೆ ಆ ಕಳಂಕ ಅಂಟಿದ್ದು ಹೇಗೆ?

ಪ್ರಶ್ನೆ: ಬೈಬಲಿನ ಹೆಂಗಸರ ಬಗ್ಗೆ ನಮ್ಮ ಸ್ತ್ರೀ ಸಖ್ಯದಲ್ಲಿ ಒಂದು ಸಿನಿಮಾ ತೋರಿಸಿದರು. ಅದರಲ್ಲಿ ಮಗ್ದಲದ ಮರಿಯಳನ್ನು ವೇಶ್ಯೆ ಅಂತ ತೋರಿಸಿದ್ದಾರೆ. 'ಇದು ಬೈಬಲಿನಲ್ಲಿ ಎಲ್ಲಿದೆ?' ಅಂತ ಮಗಳು ಕೇಳಿದಳು. ಹುಡುಕಿ ಸಾಕಾಯಿತು.

ಉತ್ತರ: ಹುಡುಕುವುದನ್ನು ಬಿಟ್ಟುಬಿಡಿ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. ಲೂಕ 8ನೇ ಅಧ್ಯಾಯದ ಮೊದಲ ಮೂರು ವಚನ ಓದಿ. ಏಳು ದೆವ್ವಗಳು ಅವಳನ್ನು ಬಿಟ್ಟುಹೋಗಿದ್ದವು ಅಂತಷ್ಟೇ ಇದೆ. ನಡತೆಯ ಬಗ್ಗೆ ಒಂದಕ್ಷರವೂ ಇಲ್ಲ. ಅವಳು, ಹೆರೋದನ ಮನೆವಾರ್ತೆ ನೋಡುತ್ತಿದ್ದ ಕೂಜನ ಹೆಂಡತಿ ಯೋಹಾನಳು, ಸುಸನ್ನಳು ಮತ್ತು ಇನ್ನೂ ಅನೇಕ ಹೆಂಗಸರು ತಮ್ಮ ದುಡ್ಡಿನಿಂದಲೇ ಯೇಸುವಿನ ತಂಡವನ್ನು ನೋಡಿಕೊಳ್ಳುತ್ತಿದ್ದರು ಅಂತಲೂ ಅಲ್ಲೇ ಇದೆ. ಸಿನಿಮಾದವರಿಗೆ ದೆವ್ವ ಕಾಣುತ್ತದೆ, ದುಡ್ಡು ಕಾಣುವುದಿಲ್ಲ!

ಗೊಂದಲ ಶುರುವಾಗಿದ್ದು ಅದರ ಹಿಂದಿನ ಪುಟದಲ್ಲಿ. 7ನೇ ಅಧ್ಯಾಯದ ಕೊನೆಗೆ ಹೆಸರಿಲ್ಲದ ಒಬ್ಬ ಪಾಪಿ ಹೆಂಗಸು ಕಣ್ಣೀರಿನಿಂದ ಯೇಸುವಿನ ಪಾದ ತೊಳೆದು ಕೂದಲಿನಿಂದ ಒರೆಸುತ್ತಾಳೆ. ಯೋಹಾನನ ಸುವಾರ್ತೆಯಲ್ಲಿ ಬೇಥಾನ್ಯದ ಮರಿಯಳೂ ತೈಲ ಹಚ್ಚಿ ಕೂದಲಿನಿಂದ ಒರೆಸುತ್ತಾಳೆ. 591ರಲ್ಲಿ ಪೋಪ್ ಒಂದನೆಯ ಗ್ರೆಗರಿ ಒಂದು ಪ್ರಸಂಗದಲ್ಲಿ ಈ ಮೂವರೂ ಒಬ್ಬಳೇ ಅಂದುಬಿಟ್ಟರು. ಪೂರ್ವದ ಆರ್ಥಡಾಕ್ಸ್ ಸಭೆಗಳು ಒಪ್ಪಲಿಲ್ಲ. ಪಶ್ಚಿಮದಲ್ಲಿ ಮಾತ್ರ ಅದೇ ನಿಂತುಹೋಯಿತು. ಚಿತ್ರ ಬರೆಯುವವರು ಬಿಚ್ಚುಗೂದಲು, ತೈಲದ ಭರಣಿ ಕೊಟ್ಟರು. ಸಿನಿಮಾ ಬಂದಾಗ ವೇಷ ಮೊದಲೇ ರೆಡಿ ಇತ್ತು.

1969ರಲ್ಲಿ ಕ್ಯಾಥೊಲಿಕ್ ಸಭೆ ತನ್ನ ಪಂಚಾಂಗ ತಿದ್ದುವಾಗ ಈ ಗಂಟು ಬಿಚ್ಚಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವಳ ದಿನವಾದ ಜುಲೈ 22ಕ್ಕೆ ಅಪೊಸ್ತಲರ ಹಬ್ಬಗಳ ಸಮಾನ ದರ್ಜೆ ಕೊಟ್ಟರು. ಆದರೆ 1969ರ ತಿದ್ದುಪಡಿ ಆದಮೇಲೂ, 2004ರ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್' ಸಿನಿಮಾ ಅವಳನ್ನು ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಜಾಗದಲ್ಲಿ ನಿಲ್ಲಿಸಿತು. ಆ ಹೆಂಗಸಿಗೆ ಯೋಹಾನ 8ರಲ್ಲಿ ಹೆಸರೇ ಇಲ್ಲ.

ಮಗಳಿಗೆ ಯೋಹಾನ 20 ಓದಿಸಿ. ಇನ್ನೂ ಕತ್ತಲಿರುವಾಗ ಸಮಾಧಿಗೆ ಹೋದವಳು ಮರಿಯಳು. ಎದುರಿಗಿದ್ದವನನ್ನು ತೋಟಗಾರ ಅಂದುಕೊಂಡವಳೂ ಅವಳೇ, ಎದ್ದುಬಂದ ಕರ್ತನನ್ನು ನೋಡಿದೆ ಅಂತ ಶಿಷ್ಯರಿಗೆ ಹೋಗಿ ಹೇಳಿದವಳೂ ಅವಳೇ. ಇಷ್ಟು ಸಾಮಗ್ರಿ ಇರುವಾಗ ವೇಶ್ಯೆಯ ಕತೆ ಯಾಕೆ ಬೇಕು, ಅಲ್ವಾ?

ಪ್ರಶ್ನೆ: ರೂತಳ ಸಿನಿಮಾದಲ್ಲಿ ಅತ್ತೆ ಸೊಸೆ ಜಗಳ ಸೇರಿಸಿದ್ದಾರೆ. ಬೈಬಲಿನಲ್ಲಿ ಇಲ್ಲದ್ದನ್ನು ಸೇರಿಸಬಹುದೇ?

ಉತ್ತರ: ರೂತಳ ಪುಸ್ತಕ ನಾಲ್ಕೇ ಅಧ್ಯಾಯ. ಎರಡು ಗಂಟೆ ಸಿನಿಮಾ ಮಾಡುವವರು ಏನಾದರೂ ತುಂಬಲೇಬೇಕು. ನನಗೆ ತಕರಾರಿಲ್ಲ. ಆದರೆ ಇದ್ದದ್ದನ್ನು ಬಿಟ್ಟು ಇಲ್ಲದ್ದನ್ನು ತುಂಬಿದರೆ ಸಿಟ್ಟು ಬರುತ್ತದೆ. ರೂತಳ ಅತ್ತೆ ನೊವೊಮಿ ತನ್ನೂರು ಬೇತ್ಲೆಹೇಮಿಗೆ ವಾಪಸ್ ಬಂದಾಗ ಊರ ಹೆಂಗಸರ ಮುಂದೆ, 'ತುಂಬಿದವಳಾಗಿ ಹೋದೆ, ಬರಿಗೈಯಲ್ಲಿ ಬಂದೆ' ಅನ್ನುತ್ತಾಳೆ. ತನ್ನವರನ್ನೆಲ್ಲ ಬಿಟ್ಟು ಅವಳ ಜೊತೆ ಬಂದ ಸೊಸೆ ಅದೇ ಹೊತ್ತಿನಲ್ಲಿ ಊರಿಗೆ ಕಾಲಿಟ್ಟಿದ್ದಾಳೆ! ಆ ಸೊಸೆಯ ಮುಖದ ಮೇಲೆ ಕ್ಯಾಮೆರಾ ಒಂದು ಕ್ಷಣ ನಿಂತರೆ ಸಾಕಿತ್ತು. ಮುಂದೆ ರೂತ್ ಹೊಲದಲ್ಲಿ ಸಿಕ್ಕ ಹುರಿಗಾಳನ್ನು ತಾನು ಹೊಟ್ಟೆ ತುಂಬ ತಿಂದು, ಮಿಕ್ಕಿದ್ದನ್ನು ಎತ್ತಿಟ್ಟುಕೊಂಡು ಬಂದು ಅದೇ ಅತ್ತೆಗೆ ಕೊಡುತ್ತಾಳೆ. ಜಗಳ ಬರೆಯುವವರಿಗೆ ಇದಕ್ಕಿಂತ ಜಾಸ್ತಿ ಏನು ಬೇಕಿತ್ತೋ.

ಪ್ರಶ್ನೆ: ಯಾರ ಬಗ್ಗೆ ಸಿನಿಮಾ ಬರಬೇಕು ಅಂತ ನಿಮಗೆ ಆಸೆ?

ಉತ್ತರ: ರಿಚ್ಪಳ ಬಗ್ಗೆ. ಎರಡನೇ ಸಮುವೇಲ 21ನೇ ಅಧ್ಯಾಯ. ಎಸ್ತೇರಳಿಗೆ ಕಿರೀಟವಿದೆ, ಅರಮನೆಯಿದೆ, ಅವಳ ಸಿನಿಮಾ ಹೇಗೂ ಬರುತ್ತಲೇ ಇರುತ್ತದೆ. ರಿಚ್ಪಳು ಅರಸ ಸೌಲನ ಉಪಪತ್ನಿ. ಸೌಲ ಮಾಡಿದ ತಪ್ಪಿಗೆ ಅವನ ವಂಶದ ಏಳು ಮಂದಿಯನ್ನು ಕೊಂದು ಬೆಟ್ಟದ ಮೇಲೆ ತೂಗುಹಾಕಿದರು. ಅದರಲ್ಲಿ ಇಬ್ಬರು ಇವಳ ಮಕ್ಕಳು. ಜವೆಗೋಧಿ ಕೊಯ್ಲು ಆಗಷ್ಟೇ ಶುರುವಾಗಿತ್ತು. ಇವಳು ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂತಳು. ಮಳೆ ಬೀಳುವ ತನಕ ಹಗಲು ಹದ್ದುಗಳನ್ನು, ರಾತ್ರಿ ಕಾಡುಮೃಗಗಳನ್ನು ಹೆಣಗಳ ಹತ್ತಿರ ಬಿಡಲಿಲ್ಲ. ಬೇರೆಯವರ ಐವರು ಮಕ್ಕಳನ್ನೂ ಸೇರಿಸಿಯೇ ಕಾದಳು. ಸುದ್ದಿ ಆಗ ಅರಸನಾಗಿದ್ದ ದಾವೀದನಿಗೆ ಮುಟ್ಟಿತು. ಅವನು ಸೌಲ ಮತ್ತು ಸೌಲನ ಮಗ ಯೋನಾತಾನರ ಎಲುಬುಗಳನ್ನೂ ತರಿಸಿ, ಈ ಏಳು ಮಂದಿಯ ಎಲುಬುಗಳನ್ನೂ ಕೂಡಿಸಿದ. ಅಷ್ಟಾಗಿಯೂ ಬೈಬಲಿನಲ್ಲಿ ಅವಳು ಆಡಿದ ಒಂದು ಮಾತೂ ಇಲ್ಲ. ಸಂಭಾಷಣೆ ಬರೆಯುವವರಿಗೆ ರಜೆ ಕೊಟ್ಟು ಮಾಡಬೇಕಾದ ಸಿನಿಮಾ ಇದು.

ಪ್ರಶ್ನೆ: ಇಂಥ ಸಿನಿಮಾಗಳನ್ನು ಸಂಡೇ ಸ್ಕೂಲಿನ ಚಿಕ್ಕ ಮಕ್ಕಳಿಗೆ ತೋರಿಸಬಹುದೇ?

ಉತ್ತರ: ಮೊದಲು ನೀವು ಒಬ್ಬರೇ ಕೂತು ಪೂರ್ತಿ ನೋಡಿ. ಮೇಲೆ ಹೇಳಿದ 2004ರ ಚಿತ್ರವಂತೂ ಬೇಡವೇ ಬೇಡ. ಅದರ ಚಾಟಿಯೇಟಿನ ದೃಶ್ಯ ದೊಡ್ಡವರಿಗೇ ಕಷ್ಟ. 1979ರ 'ಜೀಸಸ್' ಪರವಾಗಿಲ್ಲ. ಅದು ಲೂಕನ ಸುವಾರ್ತೆಯ ಮೇಲೆ ನಿಂತ ಚಿತ್ರ. ಶಿಲುಬೆಯ ಭಾಗ ಬಂದಾಗ ಚಿಕ್ಕವರನ್ನು ಹತ್ತಿರ ಕೂರಿಸಿಕೊಳ್ಳಿ.